ಅವ್ವನ ಹೆಸರಿನ ಸಿಡಿ

ಗಂಟಲಿನ ಆಪರೇಷನ್ ಆದಮೇಲೆ ಅವ್ವನ ದನಿ ಬದಲಾಗಬಹುದು ಎಂದು ತಿರುವನಂತಪುರದ ಡಾಕ್ಟರು ಮೊದಲೇ ಹೇಳಿದ್ದರು. ಅಪ್ಪನಿಗೆ ಅಲ್ಲಿಗೆ ವರ್ಗವಾಗಿ ಹತ್ತು ವರ್ಷವಾಗಿದ್ದರೂ ಅವಳು ಧಾರವಾಡದ ಹಾಡು ಬಿಟ್ಟಿರಲಿಲ್ಲ. ನಾನಾಗ ಕೊಚ್ಚಿಯ ತ್ರಿಪ್ಪುಣಿತ್ತುರದಲ್ಲಿ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದೆ. ತೊಂಬತ್ತರ ದಶಕದ ಕೊನೆ. ಟೇಪು ಹೋಗಿ ಕಂಪ್ಯೂಟರ್ ಬಂದಿತ್ತು, ಅದರ ಜೊತೆ ನನಗೆ ಸೊಕ್ಕೂ ಬಂದಿತ್ತು. ಇರುವ ದನಿಯನ್ನು ಹಿಡಿದಿಡೋಣವೆಂದು ಅವ್ವನನ್ನು ರೈಲಿನಲ್ಲಿ ಕರೆತಂದೆ.

ಭಕ್ತಿಗೀತೆ ಕ್ಯಾಸೆಟ್ಟೊಂದರ ಕೆಲಸದ ನಡುವೆ, ಊಟದ ಬಿಡುವಿನಲ್ಲಿ, ಅವಳಿಂದ ತೊಟ್ಟಿಲ ಹಾಡು ಹಾಡಿಸಿದೆ. ಮೈಕಿನ ಮುಂದೆ ನಿಂತವಳು, ದೇವರ ಮನೆಯಲ್ಲಿ ನಿಂತ ಹಾಗೆ, ಹೆಡ್‌ಫೋನಿನ ಮೇಲೆ ಸೆರಗು ಹೊದ್ದುಕೊಂಡಳು. ಮೂರು ಸಲ ಹಾಡಿದಳು. ಮೂರನೆಯ ಸಲ ನನ್ನ ಕಣ್ಣು ತುಂಬಿ ಬಂತು.

"ಒಂದ್ ಕ್ಯಾಸೆಟ್ಟಿನ್ಯಾಗ ಹಾಕಿ ಕೊಡವಾ, ಹೋಗೂವಾಗ ಒಯ್ತೀನಿ," ಅಂದಳು.

"ಹಂಗ ಕಚ್ಚಾ ಕೊಡಾಕ ಬರೂದಿಲ್ಲಬೇ. ತಂಬೂರಿ ಸೇರಸ್ತೀನಿ, ಕೆಮ್ಮು ತಗೀತೀನಿ. ಆಮ್ಯಾಲ ಕೊಡ್ತೀನಿ."

"ನನ್ನ ಕೆಮ್ಮು ನಿನಗೇನ ಮಾಡೇತಿ?" ಎಂದು ನಗುತ್ತಾ ರೈಲು ಹತ್ತಿದಳು.

ಹಾಡಿನಿಂದ ಕೆಮ್ಮನ್ನೂ ಉಸಿರನ್ನೂ ಕತ್ತರಿಸಿ ತೆಗೆದೆ. ಅಷ್ಟರಲ್ಲಿ ಹಾರ್ಡ್ ಡಿಸ್ಕ್ ತುಂಬಿತು. ಮುಗಿದ ಕೆಲಸವನ್ನೆಲ್ಲ ಸಿಡಿಗೆ ಬರೆದು, ಇದ್ದದ್ದನ್ನು ಅಳಿಸಿದರೇನೇ ಮುಂದಿನ ಹಾಡಿಗೆ ಜಾಗ. ಸಿಡಿ ಬರೆಯುವ ಅರ್ಧ ಗಂಟೆ ಯಾರೂ ಮೌಸ್ ಮುಟ್ಟುವಂತಿರಲಿಲ್ಲ. ಕಂಪ್ಯೂಟರ್ ಚೂರು ತಡವರಿಸಿದರೂ ಸಿಡಿ ಕೆಟ್ಟು ಟೀ ಗ್ಲಾಸಿನ ಕೆಳಗೆ ಹೋಗುತ್ತಿತ್ತು. ಆ ಸಲ ಒಂದೇ ಏಟಿಗೆ ಆಯಿತು. "ಮೋಳೇ, ಬ್ಯಾಕಪ್ ಎಡುತ್ತೋ?" ಮಗಳೇ, ಬ್ಯಾಕಪ್ ತೆಗೆದೆಯಾ ಎಂದು, ನಾನು ಚೇಟ್ಟನ್, ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ಸ್ಟುಡಿಯೋದ ಎಂಜಿನಿಯರ್ ಕೇಳಿದರು. ತೆಗೆದಾಯಿತು ಎಂದು ಜಂಬದಿಂದ ಹೇಳಿ, ಸಿಡಿಯ ಮೇಲೆ ಭಕ್ತಿಗೀತೆಯ ಹೆಸರಿನ ಕೆಳಗೆ ಕನ್ನಡದಲ್ಲಿ ‘ಅವ್ವ’ ಎಂದು ಬರೆದೆ. ಹಾರ್ಡ್ ಡಿಸ್ಕ್ ಅಳಿಸಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ದನಿ ಮಾತ್ರ ಒಡೆದುಹೋಯಿತು. ಐದು ತಿಂಗಳ ಮೇಲೆ ಅವ್ವ ತನ್ನ ಹಳೆಯ ದನಿ ಕೇಳಲು ಕೊಚ್ಚಿಗೆ ಬಂದಳು. ನಾನು ತಂಬೂರಿ ಸೇರಿಸುವುದನ್ನು ಇನ್ನೂ ಮುಂದೂಡುತ್ತಲೇ ಇದ್ದೆ. ಸಿಡಿ ಹಾಕಿದೆ. ಹಾಡು ತೆರೆಯಿತು, ಕತ್ತರಿಸಿದ ತುಂಡುಗಳೆಲ್ಲ ತೆರೆಯ ಮೇಲೆ ಸಾಲಾಗಿ ಬಂದವು, ಆದರೆ ಅವುಗಳ ಒಳಗೆ ದನಿಯ ಏರಿಳಿತ ತೋರಿಸುವ ಅಲೆ ಒಂದೂ ಇಲ್ಲ. ನಾನು ನಕಲು ಮಾಡಿದ್ದು ಅವಳ ಹೆಸರಿನ ಫೈಲನ್ನು ಮಾತ್ರ. ಯಾವ ತುಂಡು ಎಲ್ಲಿ ಬರಬೇಕು ಎಂಬ ಯಾದಿಯಷ್ಟೇ ಅದು. ದನಿ ಬೇರೆ ಫೋಲ್ಡರಿನಲ್ಲಿತ್ತು. ಅದನ್ನು ನನ್ನ ಕೈಯಾರೆ ಅಳಿಸಿದ್ದೆ.

ನಾನು ಅಳತೊಡಗಿದೆ. ಅವ್ವ ಅಳಲಿಲ್ಲ, ಬೈಯಲೂ ಇಲ್ಲ. ತೆರೆಯ ಮೇಲೆ ಬೆರಳಿಟ್ಟು, "ಈ ಸಂದಿ ಏನು?" ಎಂದಳು.

"ನೀ ಉಸರ ತಗೊಂಡ ಜಾಗಾ."

"ಹಂಗಾರ ಹಚ್ಚು, ನೋಡೂಣು."

ಹಚ್ಚಿದೆ. ಹಾಡು ಎಲ್ಲಿಗೆ ಬಂತೆಂದು ತೋರಿಸುವ ಗೆರೆ ಖಾಲಿ ತುಂಡುಗಳ ಮೇಲೆ ಸರಿಯತೊಡಗಿತು. ಅವ್ವ ಅದನ್ನೇ ನೋಡುತ್ತಾ ಸಣ್ಣಗೆ ಹಾಡಿದಳು. ದನಿ ಎರಡಾಗಿ ಸೀಳುತ್ತಿತ್ತು, ಮೇಲಿನ ಸ್ವರ ಏಳುತ್ತಲೇ ಇರಲಿಲ್ಲ. ಆದರೂ ಸಂದಿ ಬಂದಲ್ಲೆಲ್ಲ ಸರಿಯಾಗಿ ಉಸಿರು ತೆಗೆದುಕೊಂಡು ಕೊನೆಯವರೆಗೂ ಹಾಡಿದಳು. ನಡುವೆ ಒಮ್ಮೆ ಕೆಮ್ಮಿದಳು.

ಮೈಕು ನಮ್ಮ ಪಕ್ಕದಲ್ಲೇ ಇತ್ತು. ರೆಕಾರ್ಡಿಂಗಿನ ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ನನಗೆ ಹಳೆಯ ದನಿಯೇ ಬೇಕಾಗಿತ್ತು, ಆ ಹಟದಲ್ಲಿ ಕೈ ಕಟ್ಟಿ ಕೂತೆ.

ಈಗ ಅವ್ವ ಇಲ್ಲ. ಹಳೆಯ ದನಿಗಾಗಿ ನಾನೀಗ ಅಷ್ಟಾಗಿ ಹಂಬಲಿಸುವುದಿಲ್ಲ. ಆ ಒಡಕು ದನಿ ಬೇಕು, ಕೆಮ್ಮಿನ ಸಮೇತ.