ಮಾವನಿಗೆ ಧಗೆಯಾಗುವುದಿಲ್ಲ

ನಮ್ಮ ಮಾವ ಕಾಸೀಮಸಾಬರಿಗೆ ಬಿಸಿಲು ತಾಗುವುದಿಲ್ಲ. ಇದು ನನ್ನ ಮಾತಲ್ಲ, ಅವರದೇ. ಅವರ ಮಗಳು ಹೀನಾಳನ್ನು ಮದುವೆಯಾದಾಗಿನಿಂದ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಬ್ಯಾಡಗಿಯಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ರಸ್ತೆಯ ಡಾಂಬರು ಕರಗುವಾಗಲೂ ತುಂಬುತೋಳಿನ ಅಂಗಿಗೆ ಕೊರಳವರೆಗೆ ಗುಂಡಿ ಹಾಕಿ, "ಬಿಸಲು ಮೆಣಸಿನಕಾಯಿಗೂ ಬೇಕು, ಮನಷ್ಯಾಗೂ ಬೇಕು" ಎನ್ನುವವರು.

ಈ ಒಂದೇ ಮಾತಿನ ಬಲದ ಮೇಲೆ ಇವತ್ತಿನವರೆಗೆ ಮನೆಗೊಂದು ಕೂಲರ್ ತಂದಿಲ್ಲ. ನಮ್ಮ ಅತ್ತೆ ಜೈತೂನಬಿ ಕೇಳದ ಬೇಸಿಗೆಯಿಲ್ಲ. ತಗಡು ಹೊದಿಸಿದ ಅಡುಗೆಮನೆಯಿಂದ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದು ಕೇಳುತ್ತಾರೆ. "ಎಲ್ಲೈತಿ ಧಗಿ? ನನಗೇನೂ ಆಗವಲ್ದಲ್ಲ! ನನಗ ಎಂದ ಧಗಿ ಆಗತೈತಿ, ಅಂದ ಕೂಲರ್ ತರತೇನಿ," ಎನ್ನುತ್ತಾರೆ ಮಾವ. ಆ ದಿನಕ್ಕಾಗಿ ಅತ್ತೆ ಕಾಯುತ್ತಲೇ ಇದ್ದರು. ಅದು ಬಂದದ್ದು ಇಂಗ್ಲೆಂಡಿನಲ್ಲಿ.

ನಾನು ರಾಣೆಬೆನ್ನೂರಿನವ, ಹೆಸರು ರಫೀಕ್. ಲೀಡ್ಸ್ ಎಂಬ ಊರಲ್ಲಿ ಸಿಟಿ ಬಸ್ಸು ಓಡಿಸುತ್ತೇನೆ. ಹೀನಾ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸು. ನಮ್ಮ ಮಗಳು ಸಿಮ್ರಾನಳನ್ನು ನೋಡಲೆಂದು ಮಾವ, ಅತ್ತೆ ಜುಲೈ ತಿಂಗಳಲ್ಲಿ ಬಂದರು. ಇಂಗ್ಲೆಂಡೆಂದರೆ ಬರ್ಫದ ಗಡ್ಡೆ ಎಂದು ಹಾವೇರಿಯಲ್ಲಿ ಯಾರೋ ಹೇಳಿದ್ದರಂತೆ, ಪೆಟ್ಟಿಗೆ ತುಂಬ ಸ್ವೆಟರು ತಂದಿದ್ದರು. ಅವರು ಬಂದದ್ದೇ ತಡ, ಬಿಸಿಗಾಳಿಯೂ ಬಂತು.

ಭಾನುವಾರ. ನನಗೂ ಹೀನಾಗೂ ಒಟ್ಟಿಗೆ ರಜೆ ಸಿಗುವುದೇ ಅಪರೂಪ. ಒಲೆ ಹಚ್ಚುವುದು ಬೇಡ, ಮೊಸರನ್ನ ಉಂಡು ಉರುಳಾಡೋಣ ಎಂದು ತೀರ್ಮಾನಿಸಿದೆವು. ಟೀವಿಯಲ್ಲಿ ನಕ್ಷೆಯೆಲ್ಲ ಕೆಂಪಾಗಿತ್ತು. ಮೂವತ್ನಾಲ್ಕು ಡಿಗ್ರಿ, ಪರದೆ ಮುಚ್ಚಿ, ನೀರು ಕುಡಿಯಿರಿ, ನೆರೆಮನೆಯ ಮುದುಕರನ್ನು ವಿಚಾರಿಸಿ ಎಂದು ಒಬ್ಬಾಕೆ ಕಳವಳದಿಂದ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಪ್ರೀತಿ ಉರ್ದುವಿನಲ್ಲಿ, ವಾದ ಕನ್ನಡದಲ್ಲಿ. ಆವತ್ತು ಬೆಳಗಿನಿಂದಲೇ ಕನ್ನಡ ಶುರುವಾಯಿತು.

"ಮೂವತ್ನಾಲ್ಕಕ್ಕ ಇಷ್ಟ ಗದ್ಲಾ?" ಎಂದು ಮಾವ ನಕ್ಕರು. "ನಮ್ಮ ಕಡೆ ಮೂವತ್ನಾಲ್ಕ ಅಂದ್ರ ದುಪ್ಪಟಿ ಹೊಚ್ಚಕೊಂತೇವಿ." ಅಷ್ಟಕ್ಕೆ ಬಿಡಲಿಲ್ಲ. ಮೇಲೆ ಹೋಗಿ ತೋಳಿಲ್ಲದ ಸ್ವೆಟರೊಂದನ್ನು ಹಾಕಿಕೊಂಡು ಬಂದರು.

"ಅಬ್ಬಾ, ಅದನ್ನ ತಗೀರಿ. ಇಲ್ಲಿ ಮನಿ ಥಂಡಿಗೆ ಕಟ್ಟಿದ್ದು, ಒಳಗಿನ ಬಿಸಿ ಹೊರಗ ಹೋಗೂದಿಲ್ಲ," ಎಂದು ಹೀನಾ ಅಪ್ಪನಿಗೆ ಹೇಳಿದಳು.

"ಬ್ಯಾಡಗಿಯವ ನಾನು! ಚಾ ಮಾಡವಾ. ಸುಡುಸುಡು ಇರಲಿ."

ಚಹಾ ಕುಡಿದರು. ಮುಖ ಅವರ ಅಂಗಡಿಯ ಮಾಲಿನ ಬಣ್ಣಕ್ಕೆ ಬಂತು. ಅತ್ತೆ ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಗಂಡನ ಹಣೆಯನ್ನೇ ನೋಡುತ್ತ ಕೂತಿದ್ದರು. ಊಟದ ಹೊತ್ತಿಗೆ ಒಂದು ಹನಿ ಮೂಡಿ, ಮೂಗಿನ ಮೇಲಿಂದ ಜಾರಿ ಮೊಸರನ್ನಕ್ಕೆ ಬಿತ್ತು.

"ಏನ್ರಿ, ಬೆವರು?" ಎಂದರು ಅತ್ತೆ.

"ಉಳ್ಳಾಗಡ್ಡಿ ಖಾರ ಐತಿ."

"ಉಳ್ಳಾಗಡ್ಡಿಗೆ ಹಣಿ ಬೆವರತೈತೇನು?"

"ನಂದು ಬೆವರತೈತಿ. ಮಲಕೋತೇನಿ ನಾ," ಎಂದು ಮಾವ ಎದ್ದು, ಮಹಡಿಯ ಮೇಲಿನ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸೂರಿಗೆ ಹತ್ತಿದ ಆ ಕೋಣೆಯೇ ಮನೆಯಲ್ಲೆಲ್ಲ ಹೆಚ್ಚು ಕಾಯುವುದು. ಬೇರೆ ಕೋಣೆ ಕೊಡುತ್ತೇನೆಂದರೆ ಅವರು ಒಪ್ಪಿರಲಿಲ್ಲ.

ನಾವೂ ಕೆಳಗೆ ಸಿಕ್ಕಸಿಕ್ಕಲ್ಲಿ ಬಿದ್ದುಕೊಂಡೆವು. ಸೋಫಾದ ಮೇಲೆ ನನಗೆ ಸೊಗಸಾದ ಜೊಂಪು ಹತ್ತಿತ್ತು. ಮೂಗಿನ ಮೇಲೆ ಟಪ್ಪೆಂದು ಏನೋ ಬಿತ್ತು. ಒರೆಸಿಕೊಂಡೆ. ಮತ್ತೆ ಟಪ್.

"ಪಪ್ಪಾ, ಮನ್ಯಾಗ ಮಳಿ ಬರಾಕತ್ತೇತಿ!" ಎಂದು ಸಿಮ್ರಾನ ಕುಣಿದಾಡಿದಳು. ತಲೆ ಎತ್ತಿದರೆ ಚಾವಣಿಯಲ್ಲಿ ಜೋಳದ ರೊಟ್ಟಿಯಗಲದ ತೇವ, ನೋಡುತ್ತಿದ್ದಂತೆ ಹಿಗ್ಗುತ್ತಿತ್ತು. ಎಲ್ಲರೂ ಮೇಲಕ್ಕೆ ಓಡಿದೆವು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯ ಮಧ್ಯಾಹ್ನ ಫರಸಿ ಕಲ್ಲಿನ ನೆಲಕ್ಕೆ ಎರಡು ಕೊಡ ನೀರು ಚೆಲ್ಲಿ, ಕಸಬರಿಗೆಯಿಂದ ಹರಡಿ, ಬರಿಮೈಯಲ್ಲಿ ಅಂಗಾತ ಮಲಗಿದರೆ ಸ್ವರ್ಗ. ಮಾವ ಮಾಡಿದ್ದೂ ಅದನ್ನೇ. ಆದರೆ ಇಲ್ಲಿ ಫರಸಿಯಿಲ್ಲ. ಕೆಳಗೆ ಹಲಗೆ, ಮೇಲೆ ದಪ್ಪ ಕಾರ್ಪೆಟ್, ಅದೂ ಬಾಡಿಗೆ ಮನೆಯದು. ಸುರಿದ ನೀರೆಲ್ಲ ಮಾಯವಾದಾಗ ಸಾಲಲಿಲ್ಲವೆಂದು ಇನ್ನಷ್ಟು ಸುರಿದಿದ್ದಾರೆ. ಸಿಮ್ರಾನ ಮರಳಲ್ಲಿ ಆಡುವ ಗುಲಾಬಿ ಬಕೆಟ್ಟು ಪಕ್ಕದಲ್ಲೇ ಇತ್ತು. ಬನಿಯನ್ನು, ಲುಂಗಿಯಲ್ಲಿ ಮಾವ ಆ ನೀರಿನ ನಡುವೆ ಕೈಕಾಲು ಚೆಲ್ಲಿ ಮಲಗಿದ್ದರು.

"ಅಬ್ಬಾ! ಏನ ಮಾಡಾಕತ್ತೀರಿ?" ಎಂದು ಹೀನಾ ಚೀರಿದಳು.

"ನೆಲಾ ಒರಸಾಕತ್ತೇನಿ."

"ಮಲಕೊಂಡ?"

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಮೀಸೆ ನೆನೆದು ತೊಪ್ಪೆಯಾಗಿತ್ತು. ಅತ್ತೆ ನಮ್ಮನ್ನೆಲ್ಲ ಸರಿಸಿ ಮುಂದೆ ಬಂದರು.

"ಧಗಿ ಆತೇನ್ರಿ?"

"ಈ ಮನೀನ ಸರಿ ಇಲ್ಲ," ಎಂದು ಮಾವ ಸೂರಿಗೆ ಹೇಳಿದರು. "ತಗಡಿನ ಡಬ್ಬಿ ಆಗೇತಿ."

"ನನ್ನ ಅಡಿಗಿಮನೀದೂ ತಗಡ ಐತಿ."

"ನಾನೂ ಅದ ಊರಾಗ, ಅದ ಬಿಸಲಾಗ ಇದ್ನಿಲ್ಲ? ನನಗೇನಾತು?"

"ಬ್ಯಾಸಿಗ್ಯಾಗ ದಿನಾ ಉಂಡ ಎದ್ದು ಎಲ್ಲಿ ಹೊಕ್ಕಿದ್ರಿ?"

ಮಾವ ಗುಲಾಬಿ ಬಕೆಟ್ಟನ್ನು ಅತ್ತ ಸರಿಸಿದರು. ಅತ್ತೆ ಬಿಡಲಿಲ್ಲ. "ಹೇಳ್ರಿ ಅಳಿಯನ ಮುಂದ."

"ಕೋಲ್ಡ್ ಸ್ಟೋರೇಜಿಗೆ," ಎಂದರು ಮಾವ ಸಣ್ಣ ದನಿಯಲ್ಲಿ. "ಮಾಲ ನೋಡಾಕ."

ಬಣ್ಣ ಮಾಸಬಾರದೆಂದು ಮೆಣಸಿನಕಾಯಿ ಚೀಲಗಳನ್ನು ಇಡುವ ಶೀತಗೃಹ ಅದು. ಹೊರಗೆ ಬೆಂಕಿ ಸುರಿಯುವಾಗ ಅದರೊಳಗೆ ಶಾಲು ಬೇಕಾಗುತ್ತದೆ. ತುಂಬುತೋಳು, ಕೊರಳಗುಂಡಿ ಎಲ್ಲ ನನಗೆ ಆಗ ಅರ್ಥವಾಯಿತು. ನಗು ತಡೆಯಲು ತುಟಿ ಕಚ್ಚಿಕೊಂಡೆ.

"ಸಂಜಿ ಚಾಕ್ಕ ಬರತಿದ್ರಿ," ಎಂದರು ಅತ್ತೆ. "ನಿಮ್ಮ ಮೆಣಸಿನಕಾಯಿ ಸೈತ ತಣ್ಣಗ ಇರತಿದ್ವು. ನಾ ಒಬ್ಬಾಕಿ ಒಣಗತಿದ್ನಿ."

ನನ್ನ ನಗು ಅಲ್ಲೇ ನಿಂತಿತು. ಮಾವ ಮೆಲ್ಲಗೆ ಎದ್ದು ಕೂತರು. ಬನಿಯನ್ನಿನಿಂದ ನೀರು ಸುರಿಯುತ್ತಿತ್ತು.

"ಆಗೇತಿ," ಎಂದರು.

"ಏನ ಆಗೇತಿ?"

"ಧಗಿ. ಬೆಂದ ಹೋಗೇನಿ. ಸತ್ತ ಹೊಕ್ಕೇನಿ ಅನಸ್ತು ನನಗ. ಆತಾ?"

ಕೂತಲ್ಲಿಂದಲೇ ಫೋನು ತೆಗೆದು ಬ್ಯಾಡಗಿಗೆ, ತಮ್ಮ ಗುಮಾಸ್ತ ಸೋಮಣ್ಣನಿಗೆ ಹಚ್ಚಿದರು. "ದೊಡ್ಡದೊಂದ ಕೂಲರ್ ತಂದ ಮನ್ಯಾಗ ಇಡೋ. ಅಡಿಗಿಮನ್ಯಾಗ."

"ಸಾವಕಾರ್ರ, ಇಲ್ಲಿ ಜಿಟಿಜಿಟಿ ಮಳಿ ಹಿಡದೇತ್ರಿ. ಈಗ ಕೂಲರ್ ಯಾಕ್ರಿ?"

"ಕೊಡಿ ಹಿಡಕೊಂಡ ಹೋಗಿ ತಾ!"

ಅತ್ತೆ ಗೆದ್ದೆನೆಂದು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಸೀರೆಯ ಸಮೇತ ಆ ಒದ್ದೆ ಕಾರ್ಪೆಟ್ಟಿನ ಮೇಲೆ ಗಂಡನ ಪಕ್ಕ ಕೂತುಬಿಟ್ಟರು. "ನನಗೂ ಭಾಳ ಧಗಿ ಆಗತಿತ್ತು," ಎಂದರು, ಆಗಷ್ಟೇ ನೆನಪಾದವರ ಹಾಗೆ.

ಮಾವ ಗುಲಾಬಿ ಬಕೆಟ್ಟು ಹಿಡಿದು ಬಚ್ಚಲಿಗೆ ಹೋದರು, ತುಂಬಿಸಿಕೊಂಡು ಬಂದು ಅತ್ತೆಯ ಕಾಲ ಬಳಿ ಜೋಪಾನವಾಗಿ ಸುರಿಯತೊಡಗಿದರು. ಬಾಡಿಗೆ ಮನೆಯ ಕಾರ್ಪೆಟ್ಟು ಎಂದು ಹೇಳಲು ನಾನು ಬಾಯಿ ತೆರೆದೆ. ಹೀನಾ ನನ್ನ ಕಾಲು ತುಳಿದಳು.