ಸೀಟಿ ಎಣಿಸುವ ಹಸಿರು ಅಂಕಿ

ನಮ್ಮ ಮನೆಯಲ್ಲಿ ಅನ್ನಕ್ಕೆ ಮೂರು ಸೀಟಿ, ತೊಗರಿಬೇಳೆಗೆ ಐದು. ಇದು ಅವ್ವ ಮಾಡಿದ ಕಾಯ್ದೆ. ಕುಕ್ಕರ್ ಬದಲಾಯಿತು, ಸೊಸೆ ಬಂದಳು, ಕಾಯ್ದೆ ಮಾತ್ರ ಬದಲಾಗಲಿಲ್ಲ. ತೊಂದರೆ ಏನೆಂದರೆ, ಒಂದು ವರ್ಷದಿಂದ ಅವ್ವನಿಗೆ ಸೀಟಿ ಕೇಳಿಸುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಅದನ್ನು ಅವಳು ಒಪ್ಪುತ್ತಿರಲಿಲ್ಲ.

“ನನ್ನ ಕಿವಿಗೇನ ಧಾಡಿ ಬಂದೈತಿ? ನೀವ ಈಗೀಗ ಬಾಯಾಗ ಗುಣುಗುಣು ಅಂತೀರಿ,” ಎಂದು ನಮಗೇ ತಿರುಗಿಸುತ್ತಿದ್ದಳು. ಹುಬ್ಬಳ್ಳಿಯಿಂದ ಕಿವಿಗೆ ಹಾಕುವ ಮಷೀನು ತಂದುಕೊಟ್ಟೆ. ಎರಡು ದಿನ ಕಿವಿಯಲ್ಲಿತ್ತು. ಮೂರನೆಯ ದಿನ ಸಾಸಿವೆ ಡಬ್ಬಿಯಲ್ಲಿ ಸಿಕ್ಕಿತು.

ಒಂದು ಸಲ ಬೇಳೆ ಸೀದು ಕರಕಲಾಯಿತು. ಇನ್ನೊಂದು ಸಲ ಕುಕ್ಕರಿನ ಸೇಫ್ಟಿ ವಾಲ್ವ್ ಹಾರಿ, ಬೇಳೆಯೆಲ್ಲ ಛಾವಣಿಗೆ ಅಂಟಿತು. ನನ್ನ ಹೆಂಡತಿ ದಿನಾ ಬೆಳಿಗ್ಗೆ ಅಂಗನವಾಡಿಗೆ ಹೋಗುವವಳು. ಪಾಪ, ಮೆತ್ತಗಿನ ಮಾತನ್ನೇ ಓಣಿಗೆಲ್ಲ ಕೇಳುವಂತೆ ಹೇಳಬೇಕಾಯಿತು: “ಅತ್ತೀ, ಇನ್ನ ನೀವೊಬ್ಬರ ಇದ್ದಾಗ ಗ್ಯಾಸ್ ಹಚ್ಚಬ್ಯಾಡ್ರಿ. ನಾ ಬಂದ ಅಡಗಿ ಮಾಡ್ತೇನಿ.”

ಅವ್ವ ಜಗಳ ತೆಗೆಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಸುಮ್ಮನೆ ಹೋಗಿ ಕಟ್ಟೆಯ ಮೇಲೆ ಕುಳಿತಳು. ನಾಲ್ಕು ದಿನ ಹಾಗೇ ಕುಳಿತಳು. ಊಟದ ಹೊತ್ತಿಗೆ ಬೀಗರ ಮನೆಗೆ ಬಂದವಳಂತೆ ತಟ್ಟೆಯ ಮುಂದೆ ಕೂತು, ಬಡಿಸಿದಷ್ಟನ್ನು ಉಂಡು ಏಳುತ್ತಿದ್ದಳು. ಉಪ್ಪು ಕಡಿಮೆ ಎಂದು ಕೂಡ ಹೇಳುತ್ತಿರಲಿಲ್ಲ.

ನಾನು ಮುಂಡಗೋಡದ ಬಸ್ ನಿಲ್ದಾಣದ ಹತ್ತಿರ ಮಿಕ್ಸರ್, ಫ್ಯಾನು ರಿಪೇರಿ ಮಾಡುವವನು. ಅದು ಹೊಟ್ಟೆಪಾಡು. ಹುಚ್ಚು ಬೇರೆಯದೇ ಇದೆ. ಹಳೆಯ ವಿಸಿಆರ್, ಟೇಪ್ ಡೆಕ್ಕುಗಳ ಮುಖದ ಮೇಲೆ ತಿಳಿಹಸಿರಾಗಿ ಹೊಳೆಯುವ ಅಂಕಿಗಳಿರುತ್ತಿದ್ದವಲ್ಲ, ಆ ಗಾಜಿನ ಪಟ್ಟಿಗಳನ್ನು ಕಿತ್ತು ತಂದು ಮತ್ತೆ ಉರಿಸುವುದು. ಒಳಗೆ ಗಾಳಿ ಇರುವುದಿಲ್ಲ, ಕೂದಲಿಗಿಂತ ತೆಳ್ಳಗಿನ ತಂತಿಗಳಿರುತ್ತವೆ. ಮೊಬೈಲ್ ಚಾರ್ಜರಿನ ಐದು ವೋಲ್ಟಿಗೆ ಆ ಅಂಕಿಗಳು ಕ್ಯಾರೇ ಅನ್ನುವುದಿಲ್ಲ, ಇಪ್ಪತ್ತೈದು ಮೂವತ್ತಾದರೂ ಕೊಡಬೇಕು. ಗಾಜಿನಿಂದ ಹೊರಚಾಚಿದ ಯಾವ ತಂತಿಗಾಲು ಅಂಕಿಯ ಯಾವ ಗೆರೆಗೆ ಎಂದು ಹೇಳುವ ಕಾಗದ ಎಲ್ಲೂ ಸಿಗದು. ಒಂದೊಂದೇ ಕಾಲಿಗೆ ಕರೆಂಟು ಮುಟ್ಟಿಸಿ, ಏನು ಹೊತ್ತಿತೆಂದು ನೋಡಿ ಬರೆದುಕೊಳ್ಳಬೇಕು. ಹೆಂಡತಿ ಇದಕ್ಕೆ ಕಸ ಎನ್ನುತ್ತಾಳೆ.

ಸೀಟಿ ಎಣಿಸಿ ತೋರಿಸುವ ಪೆಟ್ಟಿಗೆಯೊಂದನ್ನು ಮಾಡಿದರೆ ಅವ್ವ ಮತ್ತೆ ಒಲೆ ಹಚ್ಚಬಹುದಲ್ಲ ಎನ್ನಿಸಿತು. ಪೇಟೆಯಲ್ಲಿ ಸಿಗುವ ಕೆಂಪು ಅಂಕಿಯ ಫಲಕವೂ ಸಾಕಾಗುತ್ತಿತ್ತು, ನಿಜ. ಆದರೆ ಹುಚ್ಚನಿಗೆ ನೆಪ ಸಿಕ್ಕಾಗ ಬಿಡುತ್ತಾನೆಯೇ? ದಾಂಡೇಲಿಯಲ್ಲಿ ಗುಜರಿ ಅಂಗಡಿ ಇಟ್ಟ ಚಾಚಾ ಒಬ್ಬರಿದ್ದಾರೆ. ಅವರಲ್ಲಿಗೆ ಹೋಗಿ ವಿಸಿಆರ್ ಕೇಳಿದೆ.

“ಈ ಕಾಲದಾಗ ವಿಸಿಆರ್ ಯಾರ ನೋಡ್ತಾರೋ? ಕ್ಯಾಸೆಟ್ ಎಲ್ಲಿಂದ ತರ್ತಿ?” ಎಂದರು.

“ನೋಡಾಕಲ್ಲ ಚಾಚಾ, ಬ್ಯಾಳಿ ಕುದಸಾಕ.”

ಚಾಚಾ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದರ ಬದಲು ಎರಡು ಕೊಟ್ಟರು. ಕೊಟ್ಟದ್ದು ಒಳ್ಳೆಯದೇ ಆಯಿತು. ಮೊದಲನೆಯದನ್ನು ಬಿಚ್ಚುವಾಗ ಗಾಜಿನ ಬದಿಯ ಪುಟ್ಟ ಮೂತಿಯನ್ನು ಮುರಿದೆ. ಒಳಗೆ ಗಾಳಿ ನುಗ್ಗಿ, ಗಾಜಿನ ಮೂಲೆಯಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದ ಕಲೆ ನೋಡನೋಡುತ್ತ ಹಾಲಿನಂತೆ ಬೆಳ್ಳಗಾಯಿತು. ಹಾಗಾಯಿತೆಂದರೆ ಅದರ ಕಥೆ ಮುಗಿದಂತೆ.

ಎರಡನೆಯದು ಬದುಕಿತು. ಅದಕ್ಕೊಂದು ಪುಟ್ಟ ಮೈಕು, ಸೀಟಿಯಂಥ ಸಪ್ಪಳವನ್ನಷ್ಟೇ ಎಣಿಸುವ ಚಿಪ್, ಎಣಿಕೆ ಅಳಿಸಲು ಕರೆಗಂಟೆಯ ಗುಂಡಿ ಜೋಡಿಸಿದೆ. ಅಂಗಡಿಯಲ್ಲಿ ಕುಕ್ಕರ್ ಎಲ್ಲಿಂದ ಬರಬೇಕು? ನಾನೇ ಕುಕ್ಕರಿನಂತೆ ಸೀಟಿ ಹಾಕಿ ಪರೀಕ್ಷೆ ಮಾಡುತ್ತಿದ್ದೆ. ಮಿಕ್ಸರ್ ಹಿಡಿದು ಬಂದ ಹೆಣ್ಣುಮಗಳೊಬ್ಬಳು ಹೊಸ್ತಿಲಲ್ಲೇ ನಿಂತು, “ಅರಾಮ ಅದೀರಿಲ್ರಿ?” ಎಂದು ಕೇಳಿದಳು.

ಮನೆಗೆ ತಂದು ಅಡುಗೆಮನೆಯ ಗೋಡೆಗೆ ತೂಗುಹಾಕಿ, ಕಿವಿಯ ಮಷೀನಿನ ಗತಿ ಇದಕ್ಕೂ ಬಾರದಿರಲೆಂದು “ಅಂಗಡ್ಯಾಗ ಜಾಗಾ ಇಲ್ಲವ್ವಾ, ನಾಕ ದಿನಾ ಇಲ್ಲೇ ಇರಲಿ,” ಎಂದು ಕೂಗಿ ಹೇಳಿದೆ. ಅವ್ವ ಅದರ ಮುಖವನ್ನೇ ನೋಡಿದಳು. ಸೊನ್ನೆಯ ಪಕ್ಕದಲ್ಲಿ ಎರಡು ಗಾಲಿಗಳಿದ್ದ ಕ್ಯಾಸೆಟ್ಟಿನ ಚಿತ್ರವೂ ಹೊತ್ತಿಕೊಂಡಿತ್ತು.

“ಇದಕ್ಕ ಎರಡ ಕಣ್ಣೂ ಅದಾವಲ್ಲೋ!” ಎಂದಳು.

ಬೇಡದ ಕಣ್ಣುಗಳು ಯಾಕೆಂದು ಆ ಚಿತ್ರದ ತಂತಿ ಬಿಚ್ಚಿಬಿಟ್ಟೆ.

ಅದು ಸೀಟಿ ಎಣಿಸುವುದನ್ನು ಅವ್ವನಿಗೆ ತೋರಿಸಿಕೊಟ್ಟೆ. ಭಾನುವಾರ ಹೆಂಡತಿಯ ಎದುರಿನಲ್ಲೇ ಪರೀಕ್ಷೆ. ಅವ್ವ ಅಕ್ಕಿ ತೊಳೆದು ಕುಕ್ಕರ್ ಇಟ್ಟು, ಗುಂಡಿ ಒತ್ತಿ, ಕೈಕಟ್ಟಿ ನಿಂತಳು. ಒಂದು, ಎರಡು, ಮೂರು. ಹಸಿರು ಅಂಕಿ ಸರಸರನೆ ಏರಿತು, ಅವ್ವ ಗ್ಯಾಸ್ ಆರಿಸಿದಳು. ಮುಚ್ಚಳ ತೆಗೆದರೆ ಅಕ್ಕಿ ಅಕ್ಕಿಯಾಗಿಯೇ ಇತ್ತು. ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಆಮೇಲೆ ತಿಳಿಯಿತು: ನಮಗೂ ಪಕ್ಕದ ಮನೆಯವರಿಗೂ ನಡುಗೋಡೆ ಒಂದೇ, ಅವರೂ ಆಗಷ್ಟೇ ಕುಕ್ಕರ್ ಇಟ್ಟಿದ್ದರು. ನನ್ನ ಯಂತ್ರ ಅವರ ಸೀಟಿಗಳನ್ನು ನಿಷ್ಠೆಯಿಂದ ಎಣಿಸಿತ್ತು.

ಇದನ್ನು ಕಿರುಚಿ ತಿಳಿಸಿದಾಗ ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. “ಮಂದಿ ಮನಿ ಸೀಟಿಗೆ ನಮ್ಮ ಮನ್ಯಾಗ ಅನ್ನ ಆಗೂದಿಲ್ಲೋ ತಮ್ಮಾ.” ಕಟ್ಟೆ ಹಿಡಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮೈಕನ್ನು ಗೋಡೆಯಿಂದ ಕಿತ್ತು ಒಲೆಯ ಪಕ್ಕಕ್ಕೆ ತಂದೆ, ಅದರ ಕಿವಿಯನ್ನೂ ತುಸು ಮಂದ ಮಾಡಿದೆ. ಹೆಂಡತಿ ಒಂದು ವಾರ ಪರೀಕ್ಷಿಸಿ, ಒಪ್ಪಿ, ನಿಶ್ಚಿಂತೆಯಿಂದ ಅಂಗನವಾಡಿಗೆ ಹೋಗತೊಡಗಿದಳು. ಅವ್ವ ಮತ್ತೆ ಉಪ್ಪಿನ ಬಗ್ಗೆ ತಕರಾರು ತೆಗೆದಳು. ನಾನು ಗೆದ್ದೆನೆಂದು ಬೀಗಿದೆ. ಕಿವಿಯ ಮಾತನ್ನು ಮಾತ್ರ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ಸಂಜೆ ಅಂಗಡಿಯಿಂದ ಬಂದು, ಎಂದಿನಂತೆ ಬಾಗಿಲಲ್ಲಿ ನಿಂತು “ಅವ್ವಾ” ಎಂದೆ. ಅವಳು ಬೆನ್ನು ತಿರುಗಿಸಿ ಅಂಕಿಯನ್ನೇ ನೋಡುತ್ತಿದ್ದಳು. ಹತ್ತಿರ ಹೋಗಿ ಭುಜ ಮುಟ್ಟಿದರೆ ಬೆಚ್ಚಿಬಿದ್ದಳು. ಆಮೇಲೆ ಗೋಡೆಯ ಪೆಟ್ಟಿಗೆಯತ್ತ ಬೆರಳು ಮಾಡಿದಳು.

“ಇದು ಸೀಟಿ ಅಷ್ಟ ಎಣಸ್ತೈತೇನ?”

ಹೂಂ ಎಂದು ತಲೆಯಾಡಿಸಿದೆ.

“ನೀ ದಿನಾ ಬಾಗಲ್ದಾಗ ನಿಂತ ಅವ್ವಾ ಅಂತಿಯಂತ. ನಿನ್ನ ಹೇಂತಿ ಹೇಳಿದ್ಲು. ನಾ ಅದನ್ನ ಕೇಳಿ ವರ್ಷಾತು. ಅದಕ್ಕೂ ಒಂದ ದೀಪಾ ಹಚ್ಚಾಕ ಬರ್ತೈತೇನ ನೋಡು.”

ವರ್ಷವಿಡೀ ಬೆನ್ನಿಗೆ ಕೂಗಿ, ಉತ್ತರ ಬಾರದಿದ್ದಾಗ ಎಷ್ಟೋ ಸಲ ಸಿಡುಕಿದ್ದೆ.

ಮರುದಿನವೇ ಬಾಗಿಲ ಚೌಕಟ್ಟಿಗೆ ಇನ್ನೊಂದು ಮೈಕು ಕೂಡಿಸಿ, ಬಿಚ್ಚಿದ್ದ ತಂತಿಯನ್ನು ಮತ್ತೆ ಬೆಸೆದೆ. ಹಾಲಿನವನು ಕೂಗಿದರೂ ಆ ಎರಡು ಕಣ್ಣು ಹೊತ್ತುತ್ತವೆ. ಒಮ್ಮೆ ಅವ್ವ ಅವನಿಗೇ “ಕೈಕಾಲ ತೊಕ್ಕೊಂಡ ಊಟಕ್ಕ ಕೂಡು,” ಎಂದಳಂತೆ.

ಈಗಲೂ ಸಂಜೆ ಬಾಗಿಲಲ್ಲಿ ನಿಂತು ಕರೆಯುತ್ತೇನೆ. ಗೋಡೆಯ ಮೇಲೆ ಹಸಿರು ಕಣ್ಣುಗಳು ತೆರೆಯುತ್ತವೆ. ಅವ್ವ ತಿರುಗಿ ನೋಡುವುದಿಲ್ಲ. “ಬಂದೆ ಏನಪಾ? ಕೂಡು, ಅನ್ನಕ್ಕ ಇನ್ನೊಂದ ಸೀಟಿ ಐತಿ,” ಎನ್ನುತ್ತಾಳೆ.