ಪಾಪು ಅಜ್ಜಿಯ ಮೊದಲ ಮಾತು

ಬೀದಿಯಲ್ಲಿ ಹಾಲಿನ ಗಾಡಿ ಕೂಡ ಬಂದಿಲ್ಲ. ಡಬ್ಬಿಂಗ್ ಸ್ಟುಡಿಯೊದೊಳಗೆ ಮಾತ್ರ ಹಸುಗೂಸೊಂದು ಕಿಟಾರನೆ ಕಿರುಚಿ ಅಳುತ್ತಿದೆ. ಕೇಳಿದವರ ಕರುಳು ಚುರ್ ಎನ್ನುವ ಹಸಿವಿನ ಅಳು. ಈ ಪುರವಣಿಗೆಂದು ಫೋಟೊಗ್ರಾಫರ್ ಜೊತೆ ಬಂದ ನಾವು ಗಾಜಿನಾಚೆ ಇಣುಕಿದರೆ ಕೂಸು ಎಲ್ಲೂ ಇಲ್ಲ. ಬೊಚ್ಚುಬಾಯಿಯ ಅಜ್ಜಿಯೊಬ್ಬರು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಕಣ್ಣು ಮುಚ್ಚಿ, ಮೈಕಿನ ಮುಂದೆ ಒಂದು ಕಾಲು ಒದರುತ್ತ ನಿಂತಿದ್ದಾರೆ. "ಕಾಲು ಆಡದಿದ್ರೆ ಅಳು ಬರಲ್ಲ" ಎನ್ನುತ್ತಾರೆ, ಅಳು ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡು.

ಸ್ಟುಡಿಯೊದವರಿಗೆಲ್ಲ ಇವರು ಪಾಪು ಅಜ್ಜಿ. ಸಿನಿಮಾದ ತೊಟ್ಟಿಲಲ್ಲಿ ಮಗು ಅತ್ತರೆ, ಬಹುಮಟ್ಟಿಗೆ ಅತ್ತವರು ಇವರೇ. ಕೆಲಸ ಯಾವಾಗಲೂ ನಸುಕಿನಲ್ಲಿ. "ಎದ್ದ ಮೇಲೆ ಯಾರ ಹತ್ರಾನೂ ಮಾತಾಡಲ್ಲ. ಮಾತಾಡಿದ್ರೆ ದನಿಗೆ ವಯಸ್ಸಾಗಿಬಿಡುತ್ತೆ."

"ಈ ಕೆಲಸದಿಂದ ನನಗಾದ ಲಾಭ ಅದೊಂದೇ" ಎನ್ನುತ್ತಾರೆ ಗಾಜಿನ ಈಚೆ ನಮ್ಮ ಪಕ್ಕದಲ್ಲಿ ಕೂತ ಅವರ ಯಜಮಾನರು. ಬಸ್ ಡ್ರೈವರ್ ಆಗಿ ನಿವೃತ್ತರಾದ ಮೇಲೆ ಹೆಂಡತಿಯನ್ನು ಕರೆತಂದು ಬಿಡುವುದು ಅವರ ಪಾಲಿನ ಡ್ಯೂಟಿ.

ಅಜ್ಜಿ ಇಲ್ಲಿಗೆ ಬಂದಿದ್ದು ಕಸ ಗುಡಿಸಲು. ಒಮ್ಮೆ ಅಳು ರೆಕಾರ್ಡ್ ಮಾಡಲೆಂದು ಯಾರದೋ ಕೂಸನ್ನು ತಂದರೆ, ಅದು ಮೈಕಿನ ಮುಂದೆ ಗೊರಕೆ ಹೊಡೆಯಿತು. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತರು. ಕೂಸಿಗೂ ಹುರುಪು ಬರಲೆಂದು ಬಾಗಿಲ ಬಳಿಯಿಂದ ಇವರೇ ಅತ್ತು ತೋರಿಸಿದರು. ಕೂಸು ಏಳಲಿಲ್ಲ, ಪೊರಕೆ ಮಾತ್ರ ಅಂದೇ ಇವರ ಕೈಬಿಟ್ಟಿತು.

ಮನೆಯಲ್ಲಿ ಫಜೀತಿ ಇಲ್ಲದಿಲ್ಲ. ಅಭ್ಯಾಸಕ್ಕೆ ಕಂಬಳಿ ಹೊದ್ದು ಕೂತರೂ ಪಕ್ಕದ ಮನೆಯಾಕೆ ಒಮ್ಮೆ ಕುಲಾವಿ ಹೊಲಿದು ತಂದುಕೊಟ್ಟಿದ್ದರು. ಮಗ ಶಾಲೆಗೆ ಹೋಗುವಾಗ, "ನಿಮ್ಮಮ್ಮ ಏನು ಮಾಡ್ತಾರೆ?" ಎಂದು ಮೇಷ್ಟ್ರು ಕೇಳಿದ್ದಕ್ಕೆ "ದಿನಾ ಅಳ್ತಾರೆ" ಎಂದುಬಿಟ್ಟ. ಮೇಷ್ಟ್ರು ಅಪ್ಪನನ್ನು ಕರೆಸಿ, ಹೆಂಡತಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಗಂಟೆಗಟ್ಟಲೆ ಬುದ್ಧಿ ಹೇಳಿದರು. "ನನ್ನ ಮಾತು ಕೇಳಲೇ ಇಲ್ಲ ಪುಣ್ಯಾತ್ಮ" ಎಂದು ಯಜಮಾನರು ಇವತ್ತಿಗೂ ಗೊಣಗುತ್ತಾರೆ.

ಇಷ್ಟು ವರ್ಷ ಅತ್ತರೂ ಅಜ್ಜಿ ತೆರೆಯ ಮೇಲೆ ಒಂದೇ ಒಂದು ಮಾತಾಡಿಲ್ಲ. ಆ ಕೊರಗು ಇವತ್ತು ತೀರಬೇಕು. ಇದೇ ಸಿನಿಮಾದಲ್ಲಿ ಅಳುವ ಕೂಸಿನ ಪಕ್ಕ ಮುದುಕಿಯೊಬ್ಬಳಿದ್ದಾಳೆ. ಆ ನಟಿಗೆ ಕನ್ನಡ ಬಾರದು. ಅವಳ ಒಂದೇ ಒಂದು ಮಾತನ್ನು ಇವರಿಗೆ ಕೊಟ್ಟಿದ್ದಾರೆ: "ಮೊದ್ಲು ಮಗೂನ ಎತ್ಕೊಳ್ಳಿ, ಜಗಳ ಆಮೇಲೆ ಆಡ್ಕೊಳ್ಳಿ." ಸ್ಪಷ್ಟವಾಗಿ ಆಡಬೇಕೆಂದು ಅಜ್ಜಿ ಹೊಸ ಹಲ್ಲುಸೆಟ್ ಮಾಡಿಸಿದ್ದಾರೆ. ಅದು ಯಜಮಾನರ ಜೇಬಿನ ಡಬ್ಬಿಯಲ್ಲಿ ಭದ್ರವಾಗಿದೆ.

ಹಲ್ಲು ಹಾಕಿಕೊಂಡು ಅಜ್ಜಿ ಮೈಕಿನ ಮುಂದೆ ನಿಲ್ಲುತ್ತಾರೆ. ಮಾತು ಮುತ್ತಿನ ಹಾಗೆ ಬರುತ್ತದೆ. ಆದರೂ ಡಬ್ಬಿಂಗ್ ನಿರ್ದೇಶಕರು ತಲೆ ಆಡಿಸುತ್ತಾರೆ. "ಆ ಮುದುಕಿ ತುಟಿಗೆ ಮಾತು ಕೂರ್ತಿಲ್ಲ ಅಜ್ಜಿ." ಮತ್ತೆ ಆಡುತ್ತಾರೆ. ಮತ್ತೆ ಕೂರುವುದಿಲ್ಲ. "ಇನ್ನೊಂದು ಸಲ ನೋಡೋಣ. ಆಗದಿದ್ರೆ ಬೇರೆಯವರನ್ನ ಕರೆಸ್ತೀನಿ, ಬೇಜಾರು ಮಾಡ್ಕೋಬೇಡಿ."

ಅಜ್ಜಿಯ ಮುಖ ಸಪ್ಪಗಾಗುತ್ತದೆ. ಕಣ್ಣಲ್ಲಿ ನೀರು. ಈ ಸಲ ನಿಜವಾದ ನೀರು, ಸದ್ದೇ ಇಲ್ಲ.

ಯಜಮಾನರು ಪರದೆಯನ್ನೇ ನೋಡುತ್ತಿದ್ದವರು ಧಡಕ್ಕನೆ ಎದ್ದು ಗಾಜು ಬಡಿಯುತ್ತಾರೆ. ನಿರ್ದೇಶಕರು ಒಳಗೆ ಕೇಳಿಸುವ ಗುಂಡಿ ಒತ್ತುತ್ತಲೇ ಯಜಮಾನರು ಕೂಗುತ್ತಾರೆ: "ಲೇ ಇವಳೇ, ಆ ಮುದುಕೀಗೆ ಹಲ್ಲೇ ಇಲ್ಲ ಕಣೇ! ನೀನ್ಯಾಕೆ ಹಾಕ್ಕೊಂಡಿದ್ದೀಯಾ?"

ಎಲ್ಲರೂ ಪರದೆ ನೋಡುತ್ತಾರೆ. ಹೌದು, ಬೊಚ್ಚುಬಾಯಿ. ಅಜ್ಜಿ ಹಲ್ಲು ತೆಗೆದು ಸೆರಗಿನಲ್ಲಿ ಸುತ್ತಿಕೊಂಡು, ಗಂಡನ ಕಡೆಗೇ ನೋಡುತ್ತ ಗದರುತ್ತಾರೆ: "ಮೊದ್ಲು ಮಗೂನ ಎತ್ಕೊಳ್ಳಿ, ಜಗಳ ಆಮೇಲೆ ಆಡ್ಕೊಳ್ಳಿ!" ಒಂದೇ ಸಲಕ್ಕೆ ಮಾತು ತುಟಿಗೆ ಅಂಟಿಕೊಳ್ಳುತ್ತದೆ. ನಿರ್ದೇಶಕರು ಚಪ್ಪಾಳೆ ತಟ್ಟುತ್ತಾರೆ. ಯಜಮಾನರು ಮಾತ್ರ ಗಾಬರಿಯಲ್ಲಿ ಎರಡು ಹೆಜ್ಜೆ ಹಿಂದೆ ಸರಿದಿದ್ದಾರೆ.

ಹೊರಗೆ ಬಿಸಿಲು ಬಂದಿದೆ. "ಆ ಹಲ್ಲು ಸುಮ್ಮನೆ ದಂಡ ಆಯ್ತಲ್ಲೇ" ಎಂದು ಯಜಮಾನರು ಡಬ್ಬಿ ಚಾಚುತ್ತಾರೆ. ಅಜ್ಜಿ ಅದರೊಳಗೆ ಹಲ್ಲು ಹಾಕುವುದಿಲ್ಲ. ತೊಳೆದು ಬಾಯಿಗೇ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಈ ಪುರವಣಿಯ ಫೋಟೊಗ್ರಾಫರ್ ಎದುರು ಬಂದು ನೆಟ್ಟಗೆ ನಿಲ್ಲುತ್ತಾರೆ.

"ದಂಡ ಯಾಕ್ರೀ? ಇಷ್ಟು ವರ್ಷ ಎಲ್ಲರೂ ನನ್ನ ಅಳು ಕೇಳಿದ್ದಾರೆ. ನಗೋದನ್ನ ಒಬ್ಬರೂ ನೋಡಿಲ್ಲ. ತೆಗೀಪ್ಪಾ ಫೋಟೊ."